ಕಿತ್ತಳೆ ತ್ರಿಕೋನ

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು ನಾನು.
ನಿವೃತ್ತಿಯಾದ ಮೇಲೂ ಕಾಲು ಸುಮ್ಮನಿರದು.
ಆಮಿಷ್ ಮನೆಗಳವರನ್ನು ಹಲ್ಲಿನ ಡಾಕ್ಟರಿಗೆ, ಹೆರಿಗೆಗೆ,
ಪಕ್ಕದ ಕೌಂಟಿಯ ಸಾವಿಗೆ
ಮೈಲಿಗಿಷ್ಟೆಂದು ಕರೆದೊಯ್ಯುತ್ತೇನೆ.
ಆಮಿಷ್ ಎನ್ನುತ್ತಾರೆ ಅವರನ್ನು,
ಆಮಿಷಕ್ಕೆಲ್ಲ ಬೆನ್ನು ಹಾಕಿ ಬದುಕುವ ಜನರನ್ನು.

ಲೊವಿನಾ ಟ್ರಾಯರ್ ನನ್ನ ಬಾಗಿಲಿಗೆ ಬಂದದ್ದು ಮಾರ್ಚಿಯಲ್ಲಿ,
ದಿಂಬಿನ ಚೀಲದಲ್ಲಿ ಬಟ್ಟೆ ತುಂಬಿಕೊಂಡು.
ಏಕೆ ಬಿಟ್ಟು ಬಂದೆಯೆಂದು ಕೇಳಿಲ್ಲ.
ವಾರಕ್ಕೊಮ್ಮೆ ಬಾಡಿಗೆ ಎಣಿಸಿ ಕೊಡುತ್ತಾಳೆ,
ಹೇಳದೆ ಪಾತ್ರೆ ತೊಳೆಯುತ್ತಾಳೆ,
ಮಲಗುವಾಗ ಲೈಟು ಆರಿಸುವುದು ಮಾತ್ರ ಮರೆಯುತ್ತಾಳೆ.
ಊದಿದರೆ ಆರುವುದಿಲ್ಲವಲ್ಲ ಅದು.

ಲರ್ನರ್ಸ್ ಪರವಾನಗಿಗೆ ನಲವತ್ತು ಪ್ರಶ್ನೆ.
ಮೂವತ್ತು ಸರಿಯಾದರೆ ಪಾಸು.
ಮೊದಲ ಸಲ ಇಪ್ಪತ್ತೇಳಕ್ಕೆ ನಿಂತುಬಿಟ್ಟಳು.
ಕೌಂಟರಿನವನು, ನೆತ್ತಿಯ ಮೇಲೆ ಕನ್ನಡಕ ಏರಿಸಿಕೊಂಡೇ,
"ಮತ್ತೆ ಬಾ" ಎಂದನಂತೆ.

ಈಗ ದಿನಾ ಸಂಜೆ ಚೀಸ್ ಕಾರ್ಖಾನೆಯಿಂದ ಬಂದು
ಬೆರಳಿಟ್ಟು ಓದುತ್ತಾಳೆ ಕೈಪಿಡಿಯನ್ನು.
ಪುಟಗಳಿಗೆಲ್ಲ ಹುಳಿ ಹಾಲಿನ ವಾಸನೆ.
ಒಲೆಯ ಮುಂದೆ ಸೂಪು ಕಲಕುತ್ತ ಕೇಳುತ್ತೇನೆ:

ತಿರುಗುವ ಮುನ್ನ ಎಷ್ಟು ದೂರದಿಂದ ಸಿಗ್ನಲ್?
"ನೂರು ಅಡಿ."
ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಯಾರು?
"ಮೊದಲು ಬಂದವರು.
ಕ್ಯಾಪ್ಟನ್ ತಾನೇ ನಿಲ್ಲುತ್ತಿದ್ದ, ಲಗಾಮು ಎಳೆಯದೆ,
ಅಪ್ಪ ತೂಕಡಿಸುತ್ತಿದ್ದರೂ."
ರೇಸಿನಲ್ಲಿ ಸೋತು ಹರಾಜಿಗೆ ಬಿದ್ದ ಕುದುರೆಯಂತೆ ಅದು.
ನಮ್ಮಲ್ಲಿಗೆ ಬಂದ ಮೇಲೂ ಹಿಂದೆ ಗೊರಸಿನ ಸದ್ದು ಕೇಳಿದರೆ
ಗೆಲ್ಲಲು ಹೊರಡುತ್ತಿತ್ತು ಎಂದಳು.
ಅವಳು ನಕ್ಕದ್ದು ಅಂದೇ ಮೊದಲು.

ಬ್ಲೈಂಡ್ ಸ್ಪಾಟ್ ಎಂದರೇನು?
ತಡೆದು, ಯೋಚಿಸಿ:
"ಕುದುರೆಗೆ ಕಟ್ಟುವ ಕಣ್ಣುಪಟ್ಟಿಯ ಆಚೆಗಿರುವುದು."
ನಾನು ಅಂಕ ಕೊಟ್ಟೆ.
ಕಂಪ್ಯೂಟರು ಕೊಡುವುದಿಲ್ಲ ಎಂದೂ ಹೇಳಿದೆ.

ಆಮೇಲೆ ಆ ಪುಟ.
ಕೆಂಪು ಅಂಚಿನ ಕಿತ್ತಳೆ ತ್ರಿಕೋನ,
ನಿಧಾನ ವಾಹನದ ಬೆನ್ನಿಗೆ ಹಾಕುವಂಥದು.
ಈ ಗುರುತು ಕಂಡರೆ ಏನರ್ಥ?
ಅಂದು ತಪ್ಪಿದ ಹದಿಮೂರರಲ್ಲಿ ಇದೂ ಒಂದು.
"ಇದು ಹೇಗೆ ತಪ್ಪಿತೇ ನಿನಗೆ?"

"ಪ್ರತಿ ಶನಿವಾರ ಸೀಮೆಎಣ್ಣೆಯ ಬಟ್ಟೆಯಲ್ಲಿ
ನಾನೇ ಒರೆಸುತ್ತಿದ್ದೆ ಅದನ್ನು. ಕೆಸರು, ಸಗಣಿ.
ಅದರ ಅರ್ಥ ಯಾರೂ ಕೇಳಿರಲಿಲ್ಲ."
ಸೂಪು ತಳ ಹಿಡಿಯಿತು. ನಾನು ಆಡಲಿಲ್ಲ.
"ಹಿಂದಿನ ಸೀಟಿನಲ್ಲಿ ನಾನು, ತಮ್ಮಂದಿರು.
ಚಿಕ್ಕ ಗಾಜಿನಿಂದ ಕಾರಿನ ದೀಪ ನೋಡಿ ಎಣಿಸುವುದು ಆಟ.
ಮೂರು ಎನ್ನುವಷ್ಟರಲ್ಲಿ ಮೂಗಿಗೇ ಬಂದಿರುತ್ತಿತ್ತು.
ನಾಲ್ಕು ಎಂದು ಹೇಳಿದವನು ಗೆದ್ದ."
ಆಮೇಲೆ, ಪುಟ ತಿರುವುತ್ತ,
"ಉತ್ತರ ಬಿ," ಎಂದಳು.

ನಾಳೆ ಒಂಬತ್ತಕ್ಕೆ ಮತ್ತೆ ಪರೀಕ್ಷೆ.
ಇವತ್ತು ಕೆಲಸ ಬಿಟ್ಟಾಗ ನಾನೇ ಹೋಗಿ ಕರೆತಂದೆ.
ದಿಬ್ಬ ಹತ್ತಿ ಇಳಿದರೆ ಎದುರಿಗೇ ಬಗ್ಗಿ, ಕಪ್ಪು ಡಬ್ಬಿಯಂಥದು,
ಬೆನ್ನ ಮೇಲೆ ತ್ರಿಕೋನ.
ಕಿರುಬೆರಳ ಉಗುರಿನಷ್ಟಿದ್ದದ್ದು
ಕಣ್ಣು ಮಿಟುಕಿಸುವುದರಲ್ಲಿ ರೊಟ್ಟಿಯಷ್ಟಾಯಿತು.
ಪಕ್ಕದ ಸೀಟಿನಲ್ಲಿ ಅವಳ ಬಲಗಾಲು
ಇಲ್ಲದ ಬ್ರೇಕನ್ನು ಒತ್ತಿ ಹಿಡಿಯಿತು.

ಒತ್ತಿದೆ ನಾನೂ, ಇದ್ದದ್ದನ್ನು.
ಹಳದಿ ಗೆರೆ ತುಂಡು ತುಂಡಾಗಿತ್ತು. ಹಿಂದಿಕ್ಕಬಹುದಿತ್ತು.
ಮೈಲಿಯುದ್ದಕ್ಕೂ ಎದುರಿಗೆ ಒಂದು ನೊಣವಿಲ್ಲ.
ಗಾಜಿನ ಹಿಂದೆ ಹುಲ್ಲುಟೋಪಿಯ ಎರಡು ಪುಟ್ಟ ತಲೆ
ಏನನ್ನೋ ಎಣಿಸುತ್ತಿದ್ದವು.

"ಎಡಗಾಲಿ ಅಲುಗುತ್ತಿದೆ," ಎಂದಳು ಲೊವಿನಾ.
"ನಾನು ಬಂದ ಮೇಲೆ ಯಾರೂ ಬಿಗಿ ಮಾಡಿಲ್ಲ."

ಹತ್ತು ಮೈಲಿ ವೇಗದಲ್ಲಿ ಹಿಂದೆ ಹಿಂದೆಯೇ ಹೋದೆವು.
ನಮ್ಮ ಬೆನ್ನಿಗೆ ಯಾರೋ ಹಾರನ್ ಹೊಡೆಯತೊಡಗಿದ.