ಅವಂಕನ ಹಳ್ಳ

ಹಳ್ಳಕ್ಕೆ ಹೆಸರಿತ್ತು, ಹೆಸರಿನವನು ಇರಲಿಲ್ಲ.
ನಾಂಟ್-ಅರ್-ಅವಂಕ್, ವೇಲ್ಸಿನ ನುಡಿಯಲ್ಲಿ ಅವಂಕನ ಹಳ್ಳ.
ಅವಂಕನೆಂದರೆ ಮಡುವಿನ ಭೂತ, ಮಕ್ಕಳ ಕಾಲೆಳೆಯುತ್ತದೆ
ಎಂದು ಇದ್ವಲನಿಗೆ ಅವನಜ್ಜಿ ಹೇಳಿದ್ದು,
ಅವಳಿಗೆ ಅವಳಜ್ಜಿ.
ಕೊನೆಯದನ್ನು ಕೊಂದು ತೊಗಲು ಮಾರಿದವನ
ಗೋರಿಯಕ್ಷರ ಪಾಚಿಗೆ ಸಂದು ಎಷ್ಟೋ ತಲೆಮಾರು.

ಹೋದ ಮಾರ್ಚಿನಲ್ಲಿ ಬೇಲಿಯಾಚೆ
ವಿಲೋ ಮರವೊಂದು ಸೊಂಟ ಸಣ್ಣಗಾಗಿ ನಿಂತಿತ್ತು,
ಬುಡದ ಸುತ್ತ ಹಸಿ ಹಸಿ ಚಕ್ಕೆ.
ಬೀವರ್, ಎಂದಳು ಮಗಳು ನೆಸ್ಟಾ:
ಇಲಿಯ ಜಾತಿ, ನಾಯಿಯ ಗಾತ್ರ, ಬಡಗಿಯ ಹಲ್ಲು.
ಯಾರು ತಂದು ಬಿಟ್ಟರೋ, ತಾನೇ ಬಂತೋ,
ಕಚೇರಿಯವರಿಗೂ ಗೊತ್ತಿಲ್ಲ.
ಇದ್ವಲ್ ಕುರಿನಾಯಿಗೆ ಹೇಳಿದ:
"ಕೆಳಗಿನ ಹುಲ್ಲು ಹೋಯಿತು ಅಂತ ತಿಳಿ."

ಹೋಯಿತು. ಎರಡೆಕರೆ.
ಗೇಟು ಮೊಣಕಾಲುದ್ದ ನೀರಲ್ಲಿ ನಿಂತಿತು,
ತೆರೆದರೂ ಮುಚ್ಚಿದರೂ ಒಂದೇ.

ಮೂರು ಸಲ ಹಾರೆ ಹಿಡಿದು ಕಟ್ಟೆ ಕಿತ್ತ.
ಮೂರು ಸಲವೂ ಬೆಳಗಾದರೆ ಅದೇ ಜಾಗ,
ಅದೇ ಕೆಸರಿನ ಗಿಲಾವು, ನಡುವೆ
ಅವನದೇ ಬೇಲಿಗೂಟವೊಂದು
ಅಳತೆ ಹಿಡಿದು ಕೂರಿಸಿದ ಹಾಗೆ.
ಅವತ್ತು ನಗು ಬಂತು. ಬರಬಾರದಿತ್ತು, ಬಂತು.

ನೀರಿಗೆ ಅವಸರ ತಪ್ಪಿತು.
ಬೆಟ್ಟದಿಂದ ಬಿದ್ದೆನೋ ಎದ್ದೆನೋ ಎಂದು ಓಡುತ್ತಿದ್ದದ್ದು
ಈಗ ಕೂತು, ಸುಧಾರಿಸಿಕೊಂಡು,
ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ಹೊರಡುತ್ತದೆ.
ಅದು ಕೂತಲ್ಲಿ ಕಪ್ಪೆಮೊಟ್ಟೆಯ ಲೋಳೆ,
ಜೂನಿಗೆ ಏರೋಪ್ಲೇನ್ ಚಿಟ್ಟೆ,
ಮುಳುಗಿ ಸತ್ತ ಬರ್ಚಿನ ಪೊಟರೆಯಲ್ಲಿ ಬಾವಲಿ ಸಂಸಾರ.
ಟ್ರೌಟಿನ ಮರಿ ನೆರಳಿಗೆ ಬಂದವು,
ಮರಿಯ ಹಿಂದೆಯೇ ಬೂದು ಬಕ, ಒಂಟಿಕಾಲಲ್ಲಿ,
ಬಾಡಿಗೆ ಕೊಡದ ಹೊಸ ನೆಂಟ.

ಅಕ್ಟೋಬರಿನಲ್ಲಿ ಎರಡು ಹಗಲು ಎರಡು ರಾತ್ರಿ ಹೊಡೆಯಿತು.
ಸೇತುವೆಯ ಕೆಳಗಿನ ಬೀದಿಯಲ್ಲಿ ನೆಸ್ಟಾ
ಮರಳಿನ ಚೀಲವಿಟ್ಟು, ಕಂಬಳಿಗಳನ್ನು ಅಟ್ಟಕ್ಕೆ ಸಾಗಿಸಿ
ಮೆಟ್ಟಿಲಲ್ಲಿ ಕೂತಿದ್ದಳು.
ನೀರು ಬಂತು. ತಡವಾಗಿ, ದಣಿದು,
ಹೊಸ್ತಿಲು ಮೂಸಿ ತಿರುಗಿ ಹೋಯಿತು.
"ಮೇಲೆ ಎಷ್ಟಿತ್ತಪ್ಪಾ?" ಫೋನಿನಲ್ಲಿ ಕೇಳಿದಳು.
"ನನ್ನ ಹುಲ್ಲಿನ ಮೇಲೆಲ್ಲ ಇತ್ತು," ಅಂದ.

ಸಂಜೆ ಫ್ಲಾಸ್ಕು ಹಿಡಿದು ದಂಡೆಗೆ ಹೋಗುತ್ತಾನೆ.
ಚಳಿಗಾಲದ ಮೇವು ಕೊಳ್ಳಬೇಕು,
ಗಂಟಿಗೆಷ್ಟು, ಸಾಗಿಸಲಿಕ್ಕೆಷ್ಟು,
ಲೆಕ್ಕ ಬಾಯಲ್ಲಿರುವಾಗಲೇ
ಮಡುವಿನಲ್ಲಿ ಗೆರೆಯೊಂದು ಎಳೆದುಕೊಂಡು ಬರುತ್ತದೆ,
ತುದಿಯಲ್ಲಿ ಒದ್ದೆ ತಲೆ, ಬಾಯಲ್ಲಿ ಕೊಂಬೆ.
ಅಜ್ಜಿಯ ದನಿಯಲ್ಲಿ, ಮೆಲ್ಲಗೆ, "ಅವಂಕ" ಅನ್ನುತ್ತಾನೆ.

ಬಾಲದ ಒಂದೇ ಏಟು, ಅಗಸನ ಕಲ್ಲಿನ ಸದ್ದು.
ಉಂಗುರಗಳು ಗೇಟಿನವರೆಗೂ ಬಂದವು.
ಗಂಟಿಗೆಷ್ಟು ಅಂದುಕೊಂಡಿದ್ದೆ?