ಬೋರಿನ ಹಿಟ್ಟು

ನಕಾಶೆ ಅಂದರೆ ಮೊದಲು ಆರು ಹಾಳೆ.
ಇಳಿಜಾರಿನದೊಂದು, ಮಣ್ಣಿನದೊಂದು, ಕಲ್ಲಿನದೊಂದು,
ಹಳ್ಳಗಳದೊಂದು, ಮಳೆಯದೊಂದು,
ಮೇಲಿಂದ ಉಪಗ್ರಹ ಕಂಡ ಬಿರುಕುಗಳದೊಂದು.
ಒಂದರ ಮೇಲೊಂದು ಇಟ್ಟು
ಒಂದೊಂದಕ್ಕೂ ಇಷ್ಟಿಷ್ಟು ತೂಕ ಕೊಟ್ಟು
ಕೂಡಿಸಿದರೆ ಬಣ್ಣ ಬರುತ್ತದೆ:
ನೀಲಿ ಅಂದರೆ ನೀರು ಇರಬಹುದು,
ಹಳದಿ ಅಂದರೆ ನೋಡೋಣ,
ಕೆಂಪು ಅಂದರೆ ಇಲ್ಲಿ ಕೇಳಬೇಡಿ.

ಗದಗಿನ ಕಚೇರಿಯಲ್ಲಿ, ಫ್ಯಾನಿನ ಕೆಳಗೆ
ಹೀಗೆ ಬಣ್ಣ ಹಚ್ಚುವುದು ನನ್ನ ಉದ್ಯೋಗ.
ಆಮೇಲೆ ಜೀಪು ಹತ್ತಿ ಹೋಗಿ
ಹಚ್ಚಿದ್ದು ನಿಜವೋ ಸುಳ್ಳೋ ಕೇಳಿಬರುವುದೂ.

ಯಾರೂ ನಿಜ ಹೇಳುವುದಿಲ್ಲ.
ಬೋರಿನ ಆಳ
ಬೀಗರೆದುರು ಒಂದು, ಬ್ಯಾಂಕಿನೆದುರು ಒಂದು,
ಬಾಜೂ ಹೊಲದವನು ನಿಂತಿದ್ದರೆ ಇನ್ನೊಂದು.
ಸತ್ತ ಬೋರಿನ ಮಾತು ತೆಗೆಯುವಂತೆಯೇ ಇಲ್ಲ,
ಬಾಯಿಗೆ ಹಾಸುಗಲ್ಲು ಮುಚ್ಚಿ
ಮೇಲೆ ಕಣಕಿ ಒಟ್ಟಿರುತ್ತಾರೆ.
ಹೀಗಾಗಿ ನನ್ನ ಪಟ್ಟಿಯಲ್ಲಿ
ಗೆದ್ದವೇ ಎಲ್ಲ.

ಡೋಣಿ ದಾಟಿ,
ಕಪ್ಪತಗುಡ್ಡದ ಗಾಳಿಪಂಖ ತಲೆಯ ಮೇಲೇ ತಿರುಗುವ ಒಂದು ಮನೆ.
ದಾವಲಸಾಬ ಸಲಾಕೆ, ಸುತ್ತಿಗೆ, ತಂತಿಯ ಸುರುಳಿ ಇಳಿಸಿದ.
ನಾನು ಹೊಸ್ತಿಲ ಹೊರಗೇ ನಿಂತೆ.
ರಂಗೋಲಿ.
ಸಂತೆಯಲ್ಲಿ ಮಾರುವ ಬಣ್ಣವಲ್ಲ.
ಎಸಳೊಳಗೆ ಹಸಿರು, ಅಂಚಿಗೆ ಇಟ್ಟಂಗಿ ಕೆಂಪು,
ಚುಕ್ಕಿಗೆ ಬೆಣಚುಕಲ್ಲಿನ ಬಿಳುಪು.
ಬೆರಳಿಗೆ ತಗೊಂಡು ಉಜ್ಜಿದೆ:
ಹಸಿರು ಜಾರುತ್ತದೆ, ಬಿಳಿ ಚುಚ್ಚುತ್ತದೆ.

"ಬೋರಿನ ಹಿಟ್ಟರೀ," ಅಂದಳು ಫಕ್ಕೀರವ್ವ.
"ಮೂರು ಕೊರಸೇವಿ. ನೀರು ಬರಲಿಲ್ಲ, ಹಿಟ್ಟು ಬಂತು.
ಚೆಲ್ಲೂದ್ಯಾಕ?"

ಯಾವುದು ಎಷ್ಟು ಆಳದ್ದು ಎಂದು
ಉತ್ತರದ ಆಸೆ ಇಲ್ಲದೆಯೇ ಕೇಳಿದೆ.
ಆಕೆ ಒಳಗೆ ಹೋಗಿ ಬಂದು
ಚಹಾಪುಡಿ ಡಬ್ಬಿ, ಪೌಡರಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ
ಕಟ್ಟೆಯ ಮೇಲೆ ಸಾಲು ಹಚ್ಚಿದಳು.

"ಗಾಡಿಯವರು ರಾತ್ರಿ ಕೊರೀತಾರ, ಫೂಟಿನ ಲೆಕ್ಕದ ರೊಕ್ಕ.
ಎಣಿಸಲಿಲ್ಲಂದ್ರ ಎರಡು ರಾಡು ಹೆಚ್ಚಿಗಿ ಬರೀತಾರ.
ರಾಡಿಗೊಂದು ಕಡ್ಲಿಕಾಳು ಇಡ್ತಾ ಕುಂತೆ,
ಬಣ್ಣ ಬದಲಾದಾಗೊಮ್ಮೆ ಒಂದು ಹಿಡಿ ಹಿಟ್ಟು.
ಮ್ಯಾಲೆ ಕೆಂಪು. ಆಮ್ಯಾಲೆ ಹಸಿರು. ತಳಕ್ಕ ಬಿಳಿ.
ಬಿಳಿ ಶುರು ಆಗೂ ಮುಂದ
ಹಿಟ್ಟು ಹಾರಲಿಲ್ಲ, ಉಂಡಿ ಕಟ್ತು.
ಅರ್ಧ ತಾಸು. ಮತ್ತ ಒಣಗಿತು."

"ಸಲಾಕಿ ಹೊಡೀಲೇನ್ರೀ ಅಕ್ಕಾರ?" ದಾವಲಸಾಬ.
ತಡಿ ಮಾರಾಯಾ.

ಹಿಟ್ಟು ಉಂಡೆ ಕಟ್ಟಿದ್ದು
ಹಿತ್ತಲಲ್ಲಿ ಹನ್ನೊಂದನೇ ಕಾಳಿಗೆ,
ಬೇವಿನ ಬುಡದಲ್ಲಿ ಹದಿನಾಲ್ಕಕ್ಕೆ,
ರಸ್ತೆಯ ಬದಿಗೆ ಹದಿನೆಂಟಕ್ಕೆ.
ಮೂರು ಬಿಂದು ಸಿಕ್ಕರೆ ಒಂದು ಹಾಸು ಸಿಗುತ್ತದೆ,
ಕತ್ತಲಲ್ಲಿ ಓರೆಯಾಗಿ ಮಲಗಿದ್ದು.
ಅದು ಎತ್ತ ಇಳಿಯುತ್ತದೆ ಎಂದೇ ಎಲ್ಲರೂ ಕೇಳುತ್ತಾರೆ.
ನಾನು ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ
ಏರುವ ಕಡೆಗೆ ಗೆರೆ ಎಳೆದೆ.
ಅದು ನೆಲದ ಹೊರಗೆ ಬಂದದ್ದು
ಗುಡ್ಡದ ಬುಡದ ಹಳ್ಳದಲ್ಲಿ,
ಊರವರು ಒಡೆದ ಹೆಂಚು, ಹರಿದ ಚಪ್ಪಲಿ ಒಗೆಯುವಲ್ಲಿ.
ಅಲ್ಲಿ ನೀರಿಲ್ಲ.
ಮಳೆ ಬಿದ್ದರೆ ನೆಲ ಕುಡಿಯುವುದು ಅಲ್ಲಿ.

ಫಕ್ಕೀರವ್ವ ಗೆರೆಯನ್ನೇ ನೋಡಿದಳು.
"ಅಂದ್ರ ಬಾಯಿ ಅಲ್ಲೈತಿ.
ನಾವು ಹೊಟ್ಟಿ ಕೊರ್ಯಾಕ ಹತ್ತಿದ್ವಿ."

ಕಚೇರಿಯಲ್ಲಿ ಸಾಹೇಬರು ಕೇಳಿದರು: ಆಧಾರ?
ಬರೆದೆ: ಫಕ್ಕೀರವ್ವ ಕಡೆಮನಿ, ಕಡಲೆಕಾಳಿನ ಎಣಿಕೆ.
ಚೌಕ ಕೆಂಪಾಗಿಯೇ ಉಳಿಯಿತು.
ಆಕೆಯ ಮನೆ, ಬೇವು, ಹಳ್ಳ, ಚಪ್ಪಲಿ
ಎಲ್ಲ ಸೇರಿ ಒಂದೇ ಚೌಕ, ಚೌಕಕ್ಕೆ ಒಂದೇ ಬಣ್ಣ.
ಅದರ ಮೇಲೆ ಪೆನ್ಸಿಲಿನಲ್ಲಿ ಕೂದಲಷ್ಟು ಗೆರೆ.
ಅಚ್ಚಿನಲ್ಲಿ ಅದು ಕಾಣಲಿಕ್ಕಿಲ್ಲ.

ಜೀಪು ಹೊರಟಾಗ ಆಕೆ
ಖಾಲಿ ಡಬ್ಬಿಯೊಂದನ್ನು ಕಿಟಕಿಯಲ್ಲಿ ತುರುಕಿದ್ದಳು:
"ಊರೂರು ತಿರುಗವರು ನೀವು.
ಎಲ್ಲಿಯಾದ್ರೂ ನೀಲಿ ಬಂದ್ರ
ಒಂದು ಹಿಡಿ ಇಟ್ಕೊಂಡು ಬರ್ರಿ."