ಬಿಲ್ ಬೇಕು ಅಂದಳು

ವಿರಾಜಪೇಟೆ, ಗಡಿಯಾರ ಕಂಬದಿಂದ ಇಳಿಜಾರು,
ಬೇಕರಿಯ ಮೇಲಿನ ಮಾಳಿಗೆಯಲ್ಲಿ ನನ್ನಂಗಡಿ.
ಕೆಳಗಿನಿಂದ ಬನ್ನಿನ ಬಿಸಿ ವಾಸನೆ.
ಮೇಲೆ ಎರಡು ಬರ್ನರು ಹಗಲೂ ಇರುಳೂ ಗುಂಯ್‌ಗುಡುತ್ತ
ಯಾರದೋ ಲೋಕಗಳನ್ನು ಸುಟ್ಟು ಸುಟ್ಟು
ನಲವತ್ತು ರೂಪಾಯಿಗೆ ಇಳಿಸುತ್ತಿದ್ದವು.
ಮೈಸೂರಿನಲ್ಲಿ ಅದೇ ಆಟಕ್ಕೆ ಸಾವಿರದೈನೂರು.
ಕಾಲೇಜು ಹುಡುಗರು, ಕಂಡಕ್ಟರನ ಮಗ, ತೋಟದ ರೈಟರು
ಎಲ್ಲರಿಗೂ ನಾನೇ ಕಂಪೆನಿ.

ಒಂದು ಸಲ ಪೊಲೀಸರು ಬಂದರು.
ಕಲಂ ಅರವತ್ಮೂರು ಎಂದು ಓದಿ ಹೇಳಿ
ಗೋಣಿಯಲ್ಲಿ ಸಿಡಿ ತುಂಬಿದರು.
ಮೆಟ್ಟಿಲಿಳಿಯುವಾಗ ಚೀಲ
ಕಾಫಿಬೀಜದ ಹಾಗಲ್ಲ,
ಬಳೆಗಾರನ ಮಲಾರದ ಹಾಗೆ ಸದ್ದು ಮಾಡಿತು.

ಮಂದಪ್ಪ ವಕೀಲರ ಮುಂದೆ ವಾದಿಸಿದೆ:
ಕಣದಲ್ಲಿ ಒಣಗಿದ ಮೆಣಸು ಕದ್ದರೆ ಕಣ ಬರಿದು,
ಇದು ಕದ್ದ ಮೇಲೂ ಇದ್ದಲ್ಲೇ ಇದೆಯಲ್ಲ ಸಾರ್?
ಕೊಳ್ಳಲಾಗದವನು ಕೊಳ್ಳದಿದ್ದರೆ ಯಾರಿಗೆ ನಷ್ಟ?
ಅವರು ಕನ್ನಡಕ ಒರೆಸುತ್ತ
‘ಕಡಿಮೆ ಬೀಳುವುದು ಕಣದಲ್ಲಲ್ಲ ಮಾರಾಯ,
ಕೂಲಿ ಬಟವಾಡೆಯ ಶನಿವಾರ’ ಅಂದರು.
ನನಗೆ ಜಾಮೀನು ಬೇಕಿತ್ತು. ಹೂಂ ಅಂದೆ.

ಅದೆಲ್ಲ ಹದಿನಾರು ವರ್ಷದ ಹಿಂದೆ. ಈಗ ಮೊಬೈಲ್ ರಿಪೇರಿ.
ಮೊನ್ನೆ, ಮಧ್ಯಾಹ್ನವಾದರೂ ಮಂಜು ಏಳದ ದಿನ,
ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಚೋಂದಮ್ಮ.
ಒಂದು ಹಳೆಯ ಆಟ ಕೇಳಿದಳು:
ಹಿಮದ ಕೋಟೆ, ಸತ್ತ ರಾಜ, ಕಾಡು.
‘ಅದು ಎಲ್ಲೂ ಸಿಗುವುದಿಲ್ಲ’ ಅಂದೆ.
‘ಗೊತ್ತು. ಕಂಪೆನಿಯೇ ಮಾರುವುದು ನಿಲ್ಲಿಸಿದೆ.
ಅದರ ಕಾಡು ಬರೆದವಳು ನಾನು.’

ಹೈದರಾಬಾದಿನಲ್ಲಿ ಗುತ್ತಿಗೆ, ಎರಡೂವರೆ ವರ್ಷ.
ಎಲೆಗೆ ಇಷ್ಟು, ತೊಗಟೆಗೆ ಇಷ್ಟು.
ಒಂದು ಪ್ರತಿ ಕೊಟ್ಟಿರಲಿಲ್ಲ;
ಬರೆದದ್ದೆಲ್ಲ ಅವರದು, ಕಾಗದದ ಪ್ರಕಾರ.
ಅವಳದು ಅಂತ ಉಳಿದದ್ದು ಮಣಿಕಟ್ಟಿನ ನೋವು.

ಅಟ್ಟದ ಬಿಸ್ಕತ್ ಡಬ್ಬಿಯಲ್ಲಿದ್ದ ಸಿಡಿಗಳು
ಪೊಲೀಸರಿಗೆ ಸಿಕ್ಕಿರಲಿಲ್ಲ.
ಹಳೆಯ ಕಂಪ್ಯೂಟರು ಕೆಮ್ಮಿ ಎದ್ದಿತು.
ಅವಳು ಯುದ್ಧ ಮಾಡಲಿಲ್ಲ. ತೋಳಗಳನ್ನು ತಪ್ಪಿಸಿ ನಡೆದು
ಮೂಲೆಯ ಒಂದು ಮರದೆದುರು ನಿಂತಳು:
ಆ ಹಿಮದಲ್ಲಿ, ಸಿಲ್ವರ್ ಓಕಿಗೆ ಹಬ್ಬಿದ ಕರಿಮೆಣಸು.
‘ಪೊನ್ನಂಪೇಟೆ ಮಾವನ ತೋಟದ್ದು. ಫೋಟೋ ತೆಗೆದು ಸೇರಿಸಿದೆ.
ಅವರನ್ನೂ ಕೇಳಿರಲಿಲ್ಲ.’
ಆ ಬಳ್ಳಿ ನಾನು ನೂರು ಸಲ ಕಂಡಿದ್ದೆ;
ಆ ದೇಶದಲ್ಲೂ ಮೆಣಸಿದೆ ಅಂದುಕೊಂಡಿದ್ದೆ.

‘ಕೊನೆಗೆ ಹೆಸರುಗಳು ಬರುತ್ತವೆ, ಅಲ್ಲಿಗೆ ಹೋಗೋಣ’ ಅಂದಳು.
ಬರುವುದಿಲ್ಲ.
ಎರಡು ಸಿಡಿಯದನ್ನು ಒಂದಕ್ಕೆ ಹಿಡಿಸಲೆಂದು
ಹಾಡು, ಮಾತು, ಕೊನೆಯ ಹೆಸರು
ಕತ್ತರಿಸಿಯಾಗಿದೆ.
ಯಾರೋ ಎಲ್ಲೋ ಕತ್ತರಿಸಿದ್ದು ಅನ್ನಬಹುದಿತ್ತು.
ನಾನೇ. ಹತ್ತು ರೂಪಾಯಿ ಉಳಿಯುತ್ತಿತ್ತು.

ಬಯ್ಯಲಿಲ್ಲ. ಪೆನ್‌ಡ್ರೈವ್ ಮುಂದಿಟ್ಟು ‘ಎಷ್ಟು?’ ಅಂದಳು.
ಬೇಡ ಅಂದೆ.
ನಲವತ್ತು ಎಣಿಸಿ ಇಟ್ಟಳು.
‘ಬಿಲ್ ಬೇಕು.’

ಈ ಸರಕಿಗೆ ಈವರೆಗೆ ಯಾರೂ ಕೇಳಿರಲಿಲ್ಲ.
ರಿಪೇರಿಯ ಪುಸ್ತಕ ತೆಗೆದು ಕಾರ್ಬನ್ ಹಾಳೆ ಸರಿಸಿದೆ.
ನೌಶಾದ್ ಕಂಪ್ಯೂಟರ್ಸ್, ಮೊದಲೇ ಅಚ್ಚಾಗಿದೆ.
ದಿನಾಂಕ ಬರೆದೆ. ದರ ಬರೆದೆ.
ವಿವರ ಎಂಬಲ್ಲಿ ಪೆನ್ನು ನಿಂತಿತು;
ಅವಳು ನೋಡುತ್ತಲೇ ಇದ್ದಳು.
ಮೇಲಿನ ಹಾಳೆಯಲ್ಲಿ ಎಷ್ಟು ಖಾಲಿಯೋ
ಅಡಿಯ ನಕಲಿನಲ್ಲೂ ಅಷ್ಟೇ ಖಾಲಿ.